‘ಚೆಲುವಿ’ ಚಿತ್ರ ಮತ್ತು ಮಕ್ಕಳ ಅಹಿಂಸಾ ಶಿಕ್ಷಣ

ಅದ್ಭುತ ಕಥೆಯೊಂದನ್ನು ತೆರೆಯ ಮೇಲೆ ಕಂಡ ಮಗು ಹಿರಿಯರನ್ನು ಕೇಳುವ ಪ್ರಶ್ನೆ, ‘ಇದು ನಿಜವೇ?’ ಎಂಬುದು. ‘ಬರಿಯ ಕಥೆ’ ಎಂದು ಹೇಳಿ ಸುಮ್ಮನಾದರೆ ಶಿಕ್ಷಣದ ಬಾಗಿಲೊಂದು ಅಲ್ಲಿಯೇ ಮುಚ್ಚಿಹೋಗುತ್ತದೆ. ಗಿರೀಶ ಕಾರ್ನಾಡರು 1992ರಲ್ಲಿ ಹಿಂದಿಯಲ್ಲಿ ನಿರ್ದೇಶಿಸಿದ ‘ಚೆಲುವಿ’ ಈ ದೃಷ್ಟಿಯಿಂದ ಪರಿಶೀಲನಾರ್ಹವಾದ ಚಿತ್ರ. ಬಾಲ್ಯದ ವರ್ಷಗಳನ್ನು ಶಿರಸಿಯಲ್ಲಿ ಕಳೆದ ಕಾರ್ನಾಡರು (1938–2019) ಇದಕ್ಕೆ ಆರಿಸಿಕೊಂಡದ್ದು ಕನ್ನಡದ ಜನಪದ ಕಥೆಯನ್ನು. ಪರಿಸರ ಸಂರಕ್ಷಣೆಯನ್ನು ಕುರಿತ ಅತ್ಯುತ್ತಮ ಚಿತ್ರವೆಂದು ಇದಕ್ಕೆ ರಾಷ್ಟ್ರಪ್ರಶಸ್ತಿ ದೊರೆಯಿತು.

ಬಡ ಹುಡುಗಿಯೊಬ್ಬಳು ಎರಡು ಕೊಡ ನೀರಿನ ಬಲದಿಂದ ಹೂಮರವಾಗಿ, ಮರಳಿ ಹೆಣ್ಣಾಗುತ್ತಾಳೆ. ಚಿಗುರು ಮುರಿಯದಂತೆ, ಎಲೆ ಹರಿಯದಂತೆ ಹೂ ಬಿಡಿಸಬೇಕೆಂಬುದು ಆಕೆಯ ನಿಬಂಧನೆ. ಸೋದರಿಯ ಕೈ ಅದನ್ನು ಪಾಲಿಸುತ್ತದೆ. ಮದುವೆಯಾದ ಮನೆಯಲ್ಲಿ ಎಳೆಯ ನಾದಿನಿಯೂ ಅವಳ ಗೆಳತಿಯರೂ ಆಟದ ಭರದಲ್ಲಿ ಕೊಂಬೆಗಳನ್ನು ಮುರಿಯುತ್ತಾರೆ. ಚೆಲುವಿ ಕೈಕಾಲಿಲ್ಲದ ಬೊಡ್ಡೆಯಾಗಿ ಉಳಿಯುತ್ತಾಳೆ. ಎ.ಕೆ. ರಾಮಾನುಜನ್ ಸಂಗ್ರಹಿಸಿದ ಕಥೆಯಲ್ಲಿ ಪತಿಯು ಮುರಿದ ಕೊಂಬೆಗಳನ್ನು ಜೋಡಿಸಿ ನೀರೆರೆದಾಗ ಆಕೆ ಮೊದಲಿನಂತಾಗುತ್ತಾಳೆ. ಚಿತ್ರದಲ್ಲಿಯಾದರೋ ಅವನು ಕೊಂಬೆಗಳನ್ನು ಅರಸುತ್ತ ಕಾಡಿಗೆ ಬರುವ ವೇಳೆಗೆ ಕಾಡನ್ನೇ ಕಡಿಯಲಾಗಿದೆ. ಎಲ್ಲ ಹಿಂಸೆಯನ್ನೂ ಪಶ್ಚಾತ್ತಾಪದಿಂದ ತುಂಬಿಕೊಡಲಾಗದೆಂಬ ಸತ್ಯವನ್ನು ಈ ಬದಲಾವಣೆ ನಿಷ್ಠುರವಾಗಿ ಮುಂದಿಡುತ್ತದೆ. ಚಿತ್ರದ ನಿಜವಾದ ಗೆಲುವು ಇದು.

ಆದರೆ ಒಂದು ಕೊರತೆಯನ್ನು ಗಮನಿಸದೆ ಇರಲಾಗದು. ಮಗುವಿನ ಕಣ್ಣು ಒದ್ದೆಯಾಗುವುದು ಮರಕ್ಕಾಗಿಯೋ, ಮರದೊಳಗಿನ ಹೆಣ್ಣಿಗಾಗಿಯೋ? ಹೆಣ್ಣಿಗಾಗಿ ಮಾತ್ರವಾದರೆ ಹೆಣ್ಣಿಲ್ಲದ ಮರವನ್ನು ಮುರಿಯಲು ಅಡ್ಡಿಯೇನು ಎಂಬ ತೀರ್ಮಾನಕ್ಕೂ ಅದು ಬರಬಹುದು. ಜೈನ ದರ್ಶನ ಇನ್ನೂ ಮುಂದೆ ಹೋಗುತ್ತದೆ. ವನಸ್ಪತಿಯು ಸ್ಪರ್ಶೇಂದ್ರಿಯವೊಂದನ್ನೇ ಉಳ್ಳ ಜೀವ. ಮನುಷ್ಯರೂಪ ತಾಳಿದರೆ ಮಾತ್ರ ಅದು ದಯೆಗೆ ಪಾತ್ರವೆಂಬುದಿಲ್ಲ. ಆದುದರಿಂದ ‘ಇದು ನಿಜವೇ?’ ಎಂಬ ಪ್ರಶ್ನೆಗೆ ‘ಹುಡುಗಿ ಮರವಾದುದು ಕಲ್ಪನೆ, ಮರದಲ್ಲಿ ಜೀವವಿರುವುದು ನಿಜ’ ಎಂಬುದೇ ತಕ್ಕ ಉತ್ತರ.

ಹಾಗೆಂದು ಎಳೆಯರಲ್ಲಿ ಭಯ ಬಿತ್ತಬೇಕಾಗಿಲ್ಲ. ಸಮಂತಭದ್ರಾಚಾರ್ಯರ ‘ರತ್ನಕರಂಡಕ ಶ್ರಾವಕಾಚಾರ’ವು ನಿಷ್ಪ್ರಯೋಜನವಾಗಿ ಗಿಡಬಳ್ಳಿಗಳನ್ನು ಕತ್ತರಿಸುವುದನ್ನು, ನೀರನ್ನು ಎರಚಾಡುವುದನ್ನು ಪ್ರಮಾದಚರ್ಯೆಯೆಂದು ಗುರುತಿಸಿ ಅನರ್ಥದಂಡದಲ್ಲಿ ಸೇರಿಸಿದೆ. ನಾದಿನಿಯ ಗೆಳತಿಯರದು ಇದೇ ದೋಷ. ಅವರಲ್ಲಿ ಕ್ರೌರ್ಯವಿಲ್ಲ, ಇರುವುದು ಎಚ್ಚರಗೇಡಿತನ. ತೆರೆಯ ಮೇಲಿನ ದುಷ್ಟರನ್ನು ಹಳಿಯುವುದು ಮಗುವಿಗೆ ಸುಲಭ. ತನ್ನಂಥ ಮಕ್ಕಳೇ ಕೇಡಿಗೆ ಕಾರಣರಾದುದನ್ನು ಕಾಣುವಾಗ ಅದು ತನ್ನ ಕೈಗಳನ್ನೇ ನೋಡಿಕೊಳ್ಳುತ್ತದೆ.

ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಮಕ್ಕಳಿಗೆ ಈ ವಿವೇಚನೆ ಅಪರಿಚಿತವಲ್ಲ. ಅಡಿಕೆ ತೋಟಕ್ಕಾಗಿ ಸೊಪ್ಪಿನ ಬೆಟ್ಟದಲ್ಲಿ ಮರ ಸಾಯದಂತೆ ಸೊಪ್ಪು ಕಡಿಯುವುದು ಗೃಹಸ್ಥನ ಅಗತ್ಯ. ದಾರಿಯಲ್ಲಿ ಸುಮ್ಮನೆ ರೆಂಬೆ ಮುರಿದೆಸೆಯುವುದು ಅನರ್ಥ. ಶಿರಸಿ ತಾಲೂಕಿನ ಸಾಲ್ಕಣಿಯ ಜನರು 1983ರ ಸೆಪ್ಟೆಂಬರ್‌ನಲ್ಲಿ ಮರಗಳನ್ನು ಅಪ್ಪಿಕೊಂಡು ಕೊಡಲಿಯನ್ನು ತಡೆದಾಗ ಆ ಮರಗಳೊಳಗೆ ಯಾವ ಚೆಲುವಿಯೂ ಇರಲಿಲ್ಲ. ಚಿತ್ರವನ್ನು ತೋರಿಸಿದ ಬಳಿಕ ಈ ಅಪ್ಪಿಕೋ ಚಳವಳಿಯ ಕಥೆಯನ್ನೂ ಹೇಳಬೇಕು.

ಸೋಂದೆಯ ಮಠ, ಬಿಳಗಿಯ ರತ್ನತ್ರಯ ಬಸದಿಗಳಂಥ ಕ್ಷೇತ್ರಗಳಿರುವ ಈ ಸೀಮೆಯಲ್ಲಿ ಬಸದಿಗಳ ಆಡಳಿತ ಮಂಡಳಿಗಳು ರಜೆಯ ದಿನಗಳಲ್ಲಿ ಮಕ್ಕಳನ್ನು ಕೂಡಿಸಿ ಈ ಚಿತ್ರವನ್ನು ತೋರಿಸುವುದು ಕಷ್ಟವಲ್ಲ. ಭಾಷೆ ಹಿಂದಿಯಾದ್ದರಿಂದ ಮೊದಲು ಕಥೆಯನ್ನು ಕನ್ನಡದಲ್ಲಿ ಹೇಳಬೇಕು. ಕೊಂಬೆ ಮುರಿಯುವ ದೃಶ್ಯದಲ್ಲಿ ಚಿತ್ರವನ್ನು ತಡೆದು, ‘ಇವರಲ್ಲಿ ಯಾರಾದರೊಬ್ಬರು ಬೇಡವೆನ್ನಬಹುದಿತ್ತಲ್ಲವೇ?’ ಎಂದು ಕೇಳಬೇಕು. ಕೊನೆಯಲ್ಲಿ ಲೇಶ್ಯೆಗಳ ದೃಷ್ಟಾಂತವನ್ನು ಎದುರಿಗಿಡಬೇಕು. ಶ್ರವಣಬೆಳಗೊಳದ ಮಠದ ಭಿತ್ತಿಚಿತ್ರದಲ್ಲಿಯೂ ಕಾಣುವ ಆ ನೇರಳೆ ಮರದ ಬಳಿ ಹಸಿದವರು ಆರು ಮಂದಿ. ಒಬ್ಬ ಬುಡವನ್ನೇ ಕಡಿಯಬಯಸಿದರೆ, ಕೊನೆಯವನು ನೆಲಕ್ಕುದುರಿದ ಹಣ್ಣುಗಳಿಂದ ತೃಪ್ತನಾಗುತ್ತಾನೆ. ಹಸಿವು ಒಂದೇ, ಭಾವ ಬೇರೆ. ಚೆಲುವಿಯ ಸೋದರಿ ಯಾರ ಹತ್ತಿರ ನಿಲ್ಲುತ್ತಾಳೆ, ನಾದಿನಿಯ ಗೆಳತಿಯರು ಯಾರ ಹತ್ತಿರ ನಿಲ್ಲುತ್ತಾರೆ ಎಂಬುದನ್ನು ಮಕ್ಕಳೇ ನಿರ್ಣಯಿಸಲಿ. ತಾವು ಎಲ್ಲಿ ನಿಲ್ಲುತ್ತೇವೆಂಬುದು ಅವರಿಗೆ ಆಗ ತಾನಾಗಿಯೇ ಹೊಳೆಯುತ್ತದೆ.