ಬಂಡೆಗೆ ಹಬ್ಬಿದ ನೀಲಿ ಬಳ್ಳಿ

ಸ್ಟಾಕ್‌ಹೋಮ್‌ನ ಟಿ-ಸೆಂಟ್ರಾಲೆನ್ ಮೆಟ್ರೊ ನಿಲ್ದಾಣದಲ್ಲಿ, 1975ರಲ್ಲಿ ತೆರೆದ ನೀಲಿ ಮಾರ್ಗದ ಪ್ಲಾಟ್‌ಫಾರ್ಮಿಗೆ ಇಳಿದರೆ ಗೋಡೆ ಎಲ್ಲಿ ಮುಗಿದು ಚಿತ್ರ ಎಲ್ಲಿ ಶುರುವಾಯಿತೆಂದು ಹೇಳುವುದು ಕಷ್ಟ. ಕೊರೆದ ಬಂಡೆಯ ಉಬ್ಬುತಗ್ಗನ್ನು ಮರೆಮಾಚದೆ ಕಾಂಕ್ರೀಟು ಸಿಂಪಡಿಸಿ ಹಾಗೇ ಬಿಟ್ಟಿದ್ದಾರೆ. ಅದರ ಮೇಲೆ ಕಲಾವಿದ ಪೇರ್ ಊಲೊಫ್ ಉಲ್ಟ್‌ವೆಡ್ಟ್ ಬಿಡಿಸಿದ ನೀಲಿ ಎಲೆಬಳ್ಳಿ ಕಮಾನಿನುದ್ದಕ್ಕೂ ಹಬ್ಬಿದೆ. ಗಡಿಬಿಡಿಯ ಜಾಗಕ್ಕೆ ತಣ್ಣನೆಯ ಬಣ್ಣ ಬೇಕೆಂದೇ ಆತ ನೀಲಿಯನ್ನು ಆರಿಸಿದ್ದು. ಒಂದು ಕಡೆ ನಿಲ್ದಾಣ ಕಟ್ಟಿದ ವೆಲ್ಡರುಗಳ, ಬಡಗಿಗಳ ನೆರಳುಚಿತ್ರಗಳಿವೆ. ಉದ್ಘಾಟನೆಯ ಕಲ್ಲಿನಲ್ಲಿ ಮಂತ್ರಿಗಳ ಹೆಸರು ಓದಿಯೇ ರೂಢಿಯಾದ ನಮಗೆ ಇದು ಸಣ್ಣ ಸಂಗತಿಯಲ್ಲ.

ಚಿತ್ರಕ್ಕೆ ಸುರಿದ ದುಡ್ಡಿನಲ್ಲಿ ಇನ್ನೆರಡು ರೈಲು ಬಿಡಬಹುದಿತ್ತಲ್ಲ ಎಂಬ ತಕರಾರು ನ್ಯಾಯವಾದದ್ದೇ. ರೈಲೇ ಬಾರದ ನಿಲ್ದಾಣವನ್ನು ಯಾವ ಚಿತ್ರವೂ ಕಾಪಾಡದು. ಆದರೆ ಗೋಡೆಗೆ ಹೇಗೂ ಏನಾದರೊಂದು ಮೇಲ್ಮೈ ಕೊಡಲೇಬೇಕು, ಇಲ್ಲಿ ಆ ಕೆಲಸವನ್ನು ಚಿತ್ರವೇ ಮಾಡಿದೆ. ಅವಸರದವರು ನೋಡುವುದಿಲ್ಲ ಎನ್ನುವುದೂ ಅರ್ಧ ನಿಜ. ಗ್ಯಾಲರಿಯ ಚಿತ್ರವನ್ನು ಒಮ್ಮೆ ದಿಟ್ಟಿಸಿ ಬರುತ್ತೇವೆ. ಇದು ದಿನಾ ಓಡಾಡುವವರ ಓರೆಗಣ್ಣಿಗೆ ವರ್ಷಗಟ್ಟಲೆ ಬೀಳುತ್ತಲೇ ಇರುತ್ತದೆ. ಚಿತ್ರ ಗುರುತಾಗಿಯೂ ನೆರವಾಗುತ್ತದೆ: 100 ನಿಲ್ದಾಣಗಳಲ್ಲಿ 90ಕ್ಕೂ ಹೆಚ್ಚು ಕಡೆ ಕಲೆಯಿರುವ ಈ ಮೆಟ್ರೊ ಜಾಲದಲ್ಲಿ, ಸೋಲ್ನಾ ಸೆಂಟ್ರುಮ್ ನಿಲ್ದಾಣದ ಬಂಡೆಯ ಮೇಲೆ ಬಿಡಿಸಿದ ಕೆಂಪು ಆಕಾಶ ಕಂಡವರು ಇಳಿಯಲು ನಾಮಫಲಕ ಹುಡುಕಬೇಕಿಲ್ಲ.