ನುಡಿಯುವ ದೈವ, ಮಾತಾಡುವ ದೀಪ: ‘ಕಾಂತಾರ’ ಮತ್ತು ‘ಕುಸುಮಬಾಲೆ’

ಈಚೆಗೆ ಒಂದರ ಬೆನ್ನಿಗೊಂದರಂತೆ ರಿಷಬ್ ಶೆಟ್ಟಿಯವರ ‘ಕಾಂತಾರ’ (2022) ಚಿತ್ರವನ್ನು ನೋಡಲು, ದೇವನೂರ ಮಹಾದೇವ ಅವರ ‘ಕುಸುಮಬಾಲೆ’ (1984) ಕಾದಂಬರಿಯನ್ನು ಮರಳಿ ಓದಲು ಅವಕಾಶವಾಯಿತು. ಒಂದು ಕರಾವಳಿಯ ಭೂತಾರಾಧನೆಯನ್ನು ದೇಶದಾದ್ಯಂತ ಪರಿಚಯಿಸಿದ ಜನಪ್ರಿಯ ಚಿತ್ರ. ಇನ್ನೊಂದು ನಂಜನಗೂಡು ಸೀಮೆಯ ಆಡುಮಾತಿನಲ್ಲಿ ಮೈದಾಳಿದ ಕಿರುಗಾತ್ರದ ಕೃತಿ. ಇವೆರಡನ್ನು ಜೊತೆಗಿಟ್ಟು ನೋಡಲು ಕಾರಣವುಂಟು. ಜಾತಿ ಮತ್ತು ಒಡೆತನದ ಹಿಂಸೆಯನ್ನು ಹೇಳಲು ಎರಡೂ ಜನಪದರ ನಂಬಿಕೆಯ ನೆರವು ಪಡೆದಿವೆ. ಆ ನಂಬಿಕೆ ಕೃತಿಯೊಳಗೆ ಯಾರಿಗೆ ಮಾತು ಕೊಡುತ್ತದೆ ಎಂಬುದು ಪರಿಶೀಲನೆಗೆ ಯೋಗ್ಯವಾದ ಪ್ರಶ್ನೆ.

‘ಕಾಂತಾರ’ದ ಆರಂಭದಲ್ಲಿಯೇ ಈ ಪ್ರಶ್ನೆ ಎದುರಾಗುತ್ತದೆ. ಅರಸನು ದೈವಕ್ಕೆ ಮಾತುಕೊಟ್ಟು ಬಿಟ್ಟ ಭೂಮಿಯನ್ನು 1970ರಲ್ಲಿ ಅವನ ವಂಶಸ್ಥ ಹಿಂದಕ್ಕೆ ಕೇಳುತ್ತಾನೆ. ದೈವ ಒಪ್ಪದಿದ್ದಾಗ, ನುಡಿಯುತ್ತಿರುವುದು ದೈವವೋ ನರ್ತಕನೋ ಎಂದು ಸಂಶಯಿಸುತ್ತಾನೆ. ನರ್ತಕ ಕಾಡಿಗೆ ಓಡಿ ಮಾಯವಾಗುವುದೇ ಉತ್ತರವಾಗುತ್ತದೆ. ದೃಶ್ಯವಾಗಿ ಇದು ಅಸಾಧಾರಣವಾದುದು. ಆದರೆ ವಾಸ್ತವದ ಕೋಲದಲ್ಲಿ ಯಾರೂ ಮಾಯವಾಗುವುದಿಲ್ಲ. ಪಂಬದ, ಪರವ, ನಲಿಕೆ ಸಮುದಾಯಗಳ ಕಲಾವಿದ ಅರದಳ ಬಳಿದುಕೊಂಡು, ಅಣಿ ಕಟ್ಟಿಕೊಂಡು ಇರುಳಿಡೀ ದೈವವಾಗಿರುತ್ತಾನೆ. ಗುತ್ತಿನ ಯಜಮಾನ ಅವನೆದುರು ಕೈಮುಗಿದು ನಿಲ್ಲುತ್ತಾನೆ. ಬೆಳಗಾದರೆ ಬಣ್ಣ ತೊಳೆದ ಅದೇ ಮನುಷ್ಯ ಜಾತಿಯ ತನ್ನ ಹಳೆಯ ಸ್ಥಾನಕ್ಕೆ ಮರಳುತ್ತಾನೆ. ‘ದೈವವೋ ನರ್ತಕನೋ’ ಎಂಬ ಪ್ರಶ್ನೆ ಇತ್ಯರ್ಥವಾಗದೆ ಉಳಿಯುವುದರಿಂದಲೇ ಅವನ ನುಡಿಗೆ ಆ ಒಂದು ರಾತ್ರಿಯ ಮಟ್ಟಿಗಾದರೂ ಬಲವುಂಟು. ಚಿತ್ರವು ಪವಾಡದಿಂದ ಪ್ರಶ್ನೆಯನ್ನು ಬಗೆಹರಿಸಿ, ದೈವವನ್ನು ಉಳಿಸಿಕೊಂಡು ನರ್ತಕನನ್ನು ಬಿಟ್ಟುಕೊಡುತ್ತದೆ.

ಅಂತ್ಯದಲ್ಲಿ ಇದು ಇನ್ನೂ ಸ್ಪಷ್ಟ. ಗುಳಿಗನ ಆವೇಶಕ್ಕೊಳಗಾದ ಶಿವ ಧಣಿಯನ್ನು ಸಂಹರಿಸಿ, ಅರಣ್ಯಾಧಿಕಾರಿಯ ಮತ್ತು ಊರವರ ಕೈಗಳನ್ನು ಎದೆಗೆ ಸೇರಿಸಿಕೊಳ್ಳುತ್ತಾನೆ, ಮಾತಿಲ್ಲ. ಕೋಲದ ಜೀವಾಳವೇ ನುಡಿಕಟ್ಟು. ಊರಿನ ವ್ಯಾಜ್ಯ ಅಲ್ಲಿ ಮಾತಿನಲ್ಲೇ ವಿಚಾರಣೆಗೆ ಬರುತ್ತದೆ. ಅದನ್ನು ಕೈಬಿಟ್ಟು ಅಪ್ಪುಗೆಯಲ್ಲಿ ಮುಗಿಸಿದ್ದರಿಂದ ಅರಣ್ಯದ ಹಕ್ಕಿನ ತಕರಾರು ಎಲ್ಲಿತ್ತೋ ಅಲ್ಲಿಯೇ ಉಳಿಯಿತು. ಚಿತ್ರಮಂದಿರಗಳಲ್ಲಿ ದೈವದ ಕೂಗನ್ನು ಅನುಕರಿಸಬೇಡಿರೆಂದು ಚಿತ್ರತಂಡವೇ ಪ್ರೇಕ್ಷಕರನ್ನು ಕೋರಬೇಕಾದುದು ಆಕಸ್ಮಿಕವಲ್ಲ. ಜನರಿಗೆ ದಾಟಿದ್ದು ಕೂಗು, ನುಡಿಯಲ್ಲ. ಆದರೂ 2022ರ ಅಕ್ಟೋಬರಿನಲ್ಲಿ ರಾಜ್ಯ ಸರ್ಕಾರ 60 ವರ್ಷ ಮೀರಿದ ದೈವನರ್ತಕರಿಗೆ ತಿಂಗಳಿಗೆ 2000 ರೂ. ಮಾಸಾಶನ ಘೋಷಿಸಿದ್ದರ ಹಿಂದೆ ಈ ಚಿತ್ರದ ಪ್ರಭಾವವನ್ನು ಅಲ್ಲಗಳೆಯಲಾಗದು. ಜಾನಪದ ವಿದ್ವಾಂಸರ ಎಷ್ಟು ಸಂಪುಟಗಳು ಅಷ್ಟನ್ನು ಸಾಧಿಸಿವೆ?

‘ಕುಸುಮಬಾಲೆ’ಯ ದಾರಿ ಬೇರೆ. ದೀಪ ಆರಿದ ಮೇಲೆ ಮನೆಮನೆಯ ಕುಡಿಗಳು ಒಂದೆಡೆ ಸೇರಿ ಕಂಡದ್ದನ್ನು ಹೇಳಿಕೊಳ್ಳುತ್ತವೆಂಬುದು ಕನ್ನಡ ಜನಪದ ಕಥೆಗಳಲ್ಲಿ ಬರುವ ಆಶಯ, ಎ.ಕೆ. ರಾಮಾನುಜನ್ ಅದನ್ನು ವಿವೇಚಿಸಿದ್ದಾರೆ. ಮಹಾದೇವ ಅವರ ಜೋತಮ್ಮಗಳು ಈ ಆಶಯದ ಸಂತಾನ. ಅವು ಯಾರನ್ನೂ ದಂಡಿಸುವುದಿಲ್ಲ, ಯಾರಿಗೂ ಅಭಯ ನೀಡುವುದಿಲ್ಲ. ಮನೆಯೊಳಗಿದ್ದು ಎಲ್ಲವನ್ನೂ ಕಂಡ ಅವು ಮಾತಾಡುತ್ತವೆ, ಅಷ್ಟೆ. ಕುಸುಮಳನ್ನು ಪ್ರೀತಿಸಿದ ದಲಿತ ಯುವಕ ಚನ್ನನ ಕೊಲೆಯನ್ನು ಊರು ಬಾಯಿಬಿಡದೆ ನುಂಗಿಕೊಳ್ಳುವಲ್ಲಿ ಈ ಮಾತಿಗೆ ಸಾಕ್ಷ್ಯದ ತೂಕ ಬರುತ್ತದೆ.

ಕರಾವಳಿಯ ಪಾಡ್ದನದಲ್ಲಿ, ಅರಸನಿಂದ ಕೈಕಾಲು ಕಡಿಸಿಕೊಂಡ ಶಿಲ್ಪಿ ಕಲ್ಕುಡ ದೈವವಾಗಿ ಮರಳಿ ಸೇಡು ತೀರಿಸಿಕೊಳ್ಳುತ್ತಾನೆ. ಚನ್ನನಿಗೆ ಅಂತಹ ಮರುಬರವನ್ನು ಕಾದಂಬರಿ ದಯಪಾಲಿಸುವುದಿಲ್ಲ. ಪಾಡ್ದನದ ನ್ಯಾಯಕ್ಕಿಂತ ಇದು ಕಠಿಣ, ನನ್ನ ದೃಷ್ಟಿಯಲ್ಲಿ ಹೆಚ್ಚು ಪ್ರಾಮಾಣಿಕ.

ಭಾಷೆ ತೊಡಕೆಂದು ಈ ಕೃತಿಯನ್ನು ಅರ್ಧಕ್ಕೇ ಬದಿಗಿರಿಸಿದವರು ಬಹಳ. ಮೌನವಾಗಿ ಓದಿದರೆ ತೊಡಕೇ ಸರಿ. ಗಟ್ಟಿಯಾಗಿ ಓದಿಕೊಂಡರೆ, ವಿಶೇಷವಾಗಿ ಜೋತಮ್ಮಗಳ ಭಾಗವನ್ನು, ಆ ಸೀಮೆಯವರಲ್ಲದ ಕಿವಿಗೂ ಅದು ಒಗ್ಗುತ್ತದೆ.