ಬೀಳ್ಕೊಡುಗೆಯ ಭಾಷಣ ಯಾರದು?

ಕವಿತೆಗೆ ವಿಮರ್ಶಕರಿದ್ದಾರೆ, ಕಾದಂಬರಿಗೂ ಇದ್ದಾರೆ, ಸಿನಿಮಾಕ್ಕಂತೂ ಬೀದಿಗೊಬ್ಬರಿದ್ದಾರೆ. ಆದರೆ ಪ್ರತಿವರ್ಷ ಪರೀಕ್ಷೆಗೆ ಮುಂಚೆ ನಮ್ಮ ಹೈಸ್ಕೂಲುಗಳಲ್ಲಿ ಶಾರದಾ ಪೂಜೆಯ ಜೊತೆಜೊತೆಗೆ ನಡೆಯುವ ಬೀಳ್ಕೊಡುಗೆ ಸಮಾರಂಭದಲ್ಲಿ, ಹತ್ತನೆಯ ತರಗತಿಯ ಹುಡುಗಿಯೊಬ್ಬಳು ಮೈಕಿನ ಮುಂದೆ ನಿಂತು ಒಪ್ಪಿಸುವ ಭಾಷಣವನ್ನು ಯಾರಾದರೂ ಒಂದು ಬರಹವೆಂದು ಪರಿಗಣಿಸಿದ್ದನ್ನು ನಾನು ಕಂಡಿಲ್ಲ. ಕೇಳುತ್ತಾರೆ, ಕಣ್ಣೊರೆಸಿಕೊಳ್ಳುತ್ತಾರೆ, ಚಪ್ಪಾಳೆ ತಟ್ಟುತ್ತಾರೆ, ಆಮೇಲೆ ಕೇಸರಿಬಾತು ತಿಂದು ಮನೆಗೆ ಹೋಗುತ್ತಾರೆ. ಅದರಲ್ಲಿ ಏನಿತ್ತು, ಅದು ನಿಜವೇ, ಅದು ಯಾರ ಮಾತು ಎಂದು ಕೇಳುವ ಪದ್ಧತಿಯಿಲ್ಲ. ಇಪ್ಪತ್ತೈದು ವರ್ಷಕ್ಕೂ ಮೇಲ್ಪಟ್ಟು ಇಂಥ ಭಾಷಣಗಳನ್ನು ಕೇಳುತ್ತ ಬಂದಿರುವ ನನಗೆ, ಒಂದು ಸಲವಾದರೂ ಇವನ್ನು ವಿಮರ್ಶೆಯ ಕಣ್ಣಿನಿಂದ ನೋಡಬೇಕು ಎನ್ನಿಸಿದೆ.

ಮೊದಲು ಅದರ ಸ್ವರೂಪ. ವೇದಿಕೆಯ ಮೇಲಿರುವ ಗಣ್ಯರಿಗೆಲ್ಲ ಹೆಸರು ಹಿಡಿದು ವಂದನೆ ಸಲ್ಲಿಸುವುದರಲ್ಲೇ ಕಾಲುಭಾಗ ಮುಗಿಯುತ್ತದೆ. ಆಮೇಲೆ ಹೋಲಿಕೆಗಳ ಸಾಲು. ಶಾಲೆ ಜ್ಞಾನದೇಗುಲ. ಗುರುಗಳು ಶಿಲ್ಪಿಗಳು, ನಾವು ಕಲ್ಲುಗಳು. ಗುರುಗಳು ಕುಂಬಾರರು, ನಾವು ಜೇಡಿಮಣ್ಣು. ಶಾಲೆ ಗೂಡು, ನಾವು ಈಗ ತಾನೆ ರೆಕ್ಕೆ ಬಲಿತ ಮರಿಗಳು. ಕೊನೆಗೆ, ನಮ್ಮಿಂದ ತಿಳಿದೋ ತಿಳಿಯದೆಯೋ ತಪ್ಪಾಗಿದ್ದರೆ ಕ್ಷಮಿಸಿ. ಈ ಕ್ಷಮೆಯ ಹೊತ್ತಿಗೆ ಹುಡುಗಿಯ ಗಂಟಲು ಕಟ್ಟುತ್ತದೆ. ಆ ಅಳು ಸುಳ್ಳಲ್ಲ. ಇಡೀ ಭಾಷಣದಲ್ಲಿ ಅವಳದೇ ಎನ್ನಬಹುದಾದದ್ದು ಬಹುಮಟ್ಟಿಗೆ ಅದೊಂದೇ. ಉಳಿದದ್ದು ಕನ್ನಡ ಮೇಷ್ಟ್ರದೋ, ಅಕ್ಕನ ಹಳೆಯ ನೋಟುಬುಕ್ಕಿನದೋ, ಈಚೆಗಾದರೆ ಮೊಬೈಲಿನದೋ ಆಗಿರುತ್ತದೆ.

ಹೋಲಿಕೆಗಳು ಹಳಸಿದವು ಎಂಬುದು ನನ್ನ ತಕರಾರಲ್ಲ. ಹಳೆಯ ಪಾತ್ರೆಯಲ್ಲೂ ಒಳ್ಳೆಯ ಸಾರು ಕುದಿಯುತ್ತದೆ. ನನ್ನ ತಕರಾರು ಬೇರೆ. ಈ ಹೋಲಿಕೆಗಳೊಳಗೆ ವಿದ್ಯಾರ್ಥಿನಿ ಎಲ್ಲಿದ್ದಾಳೆ ನೋಡಿ. ಕಲ್ಲಿನ ಕೆಲಸ ಕೆತ್ತಿಸಿಕೊಳ್ಳುವುದು, ಮಣ್ಣಿನ ಕೆಲಸ ತುಳಿಸಿಕೊಳ್ಳುವುದು, ಮರಿಯ ಕೆಲಸ ಬಾಯಿ ತೆರೆದು ಕಾಯುವುದು. ಕಲ್ಲಿನ ಅಭಿಪ್ರಾಯವನ್ನು ಯಾರೂ ಕೇಳುವುದಿಲ್ಲ. ಮೂರು ವರ್ಷ ಓದಿ, ನೋಡಿ, ಒಳಗೊಳಗೇ ಅಳೆದು ತೂಗಿದ ಹುಡುಗಿಯ ಬಾಯಲ್ಲಿ, ಹೋಗುವ ದಿನ, ನಾನೊಂದು ಕಲ್ಲಾಗಿದ್ದೆ ಎಂದು ಹೇಳಿಸಿ ಕಳಿಸುತ್ತೇವೆ. ಶಾಲೆಯ ಹೆಸರೊಂದನ್ನು ಬದಲಿಸಿದರೆ ಈ ಭಾಷಣ ಯಾವ ಊರಿನ ಯಾವ ಶಾಲೆಗೂ ಒಪ್ಪುತ್ತದೆ. ಎಲ್ಲರಿಗೂ ಒಪ್ಪುವ ಅಂಗಿ ಯಾರ ಅಳತೆಯದೂ ಅಲ್ಲ ತಾನೆ?

ಇದೇ ನಮ್ಮ ಪರಂಪರೆ, ಗುರುಭಕ್ತಿ ಎಂದು ಕೆಲವರು ಹೇಳಬಹುದು. ಪರಂಪರೆಯನ್ನೇ ನೋಡೋಣ. ತೈತ್ತಿರೀಯ ಉಪನಿಷತ್ತಿನ ಶಿಕ್ಷಾವಲ್ಲಿಯ ಹನ್ನೊಂದನೆಯ ಅನುವಾಕ, ವಿದ್ಯೆ ಮುಗಿಸಿ ಹೊರಡುವ ಶಿಷ್ಯನಿಗೆ ಗುರು ಹೇಳುವ ಬುದ್ಧಿಮಾತು. ನಮ್ಮ ದೇಶದ ಅನೇಕ ವಿಶ್ವವಿದ್ಯಾಲಯಗಳ ಘಟಿಕೋತ್ಸವಗಳಲ್ಲಿ ಅದನ್ನು ನೆನೆಯುವುದುಂಟು. ಅದರಲ್ಲಿ ಗುರು ಒಂದು ಅಪರೂಪದ ಮಾತು ಹೇಳುತ್ತಾನೆ: ನಮ್ಮಲ್ಲಿ ಒಳ್ಳೆಯ ನಡತೆ ಯಾವುದಿದೆಯೋ ಅದನ್ನಷ್ಟೇ ಅನುಸರಿಸು, ಉಳಿದದ್ದನ್ನಲ್ಲ ಎಂದು. ಅಂದರೆ ತನ್ನಲ್ಲಿ ಅನುಸರಿಸಬಾರದ್ದೂ ಇರಬಹುದೆಂದು ಗುರುವೇ ಒಪ್ಪುತ್ತಾನೆ. ಯಾವುದು ಒಳ್ಳೆಯದು ಎಂದು ಆರಿಸುವ ವಿವೇಕ ಶಿಷ್ಯನಿಗಿದೆ ಎಂದೂ ಒಪ್ಪುತ್ತಾನೆ. ಕಲ್ಲಿಗೆ ಹೇಳುವ ಮಾತಲ್ಲ ಇದು. ಆದರೆ ಅದನ್ನು ಕೇಳಿದ ಶಿಷ್ಯ ಏನೆಂದ ಎಂಬುದು ಆ ಅನುವಾಕದಲ್ಲಿಲ್ಲ. ಅಲ್ಲಿ ಮಾತು ಗುರುವಿನದು, ಮೌನ ಶಿಷ್ಯನದು.

ಹೊರಡುವವಳು ಎದ್ದು ನಿಂತು ಉತ್ತರ ಕೊಟ್ಟ ಪ್ರಸಂಗವೊಂದನ್ನು ನೋಡಲು ಬಹಳ ದೂರ ಹೋಗಬೇಕು. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ವೆಲ್ಸ್‌ಲಿ ಎಂಬ ಮಹಿಳಾ ಕಾಲೇಜಿದೆ. 1969ರ ಮೇ 31ರಂದು ಅಲ್ಲಿ ಪದವಿ ಪ್ರದಾನ ಸಮಾರಂಭ. ಅಲ್ಲಿಯವರೆಗೆ ಆ ಸಮಾರಂಭದಲ್ಲಿ ವಿದ್ಯಾರ್ಥಿನಿ ಮಾತಾಡಿದ್ದೇ ಇರಲಿಲ್ಲ. ನಮ್ಮ ಪರವಾಗಿ ಒಬ್ಬಳು ಮಾತಾಡಬೇಕು ಎಂದು ಆ ವರ್ಷದ ಹುಡುಗಿಯರು ಪಟ್ಟು ಹಿಡಿದು, ವಿದ್ಯಾರ್ಥಿ ಸಂಘದ ಅಧ್ಯಕ್ಷೆಯಾಗಿದ್ದ ಹಿಲರಿ ರಾಡಮ್ ಎಂಬಾಕೆಯನ್ನು ಆರಿಸಿದರು. 2016ರಲ್ಲಿ ಅಮೆರಿಕದ ಅಧ್ಯಕ್ಷ ಸ್ಥಾನಕ್ಕೆ ಸ್ಪರ್ಧಿಸಿದ ಹಿಲರಿ ಕ್ಲಿಂಟನ್ ಅವರೇ. ಆಗ ಇಪ್ಪತ್ತೊಂದರ ಹುಡುಗಿ. ಅವಳಿಗಿಂತ ಮುಂಚೆ ಮುಖ್ಯ ಅತಿಥಿ, ಸೆನೆಟರ್ ಎಡ್ವರ್ಡ್ ಬ್ರೂಕ್ ಮಾತಾಡಿದರು. ವಿಯೆಟ್ನಾಮ್ ಯುದ್ಧದ ಕಾಲ, ಕಾಲೇಜುಗಳಲ್ಲೆಲ್ಲ ಪ್ರತಿಭಟನೆ. ನಿಮ್ಮ ದುಃಖ ಅರ್ಥವಾಗುತ್ತದೆ, ಆದರೆ ಬಲವಂತದ ಪ್ರತಿಭಟನೆ ಸರಿಯಲ್ಲ ಎಂಬ ಧಾಟಿಯ ಮಾತು ಅವರದು. ಹಿಲರಿ ಎದ್ದವಳು ತಾನು ಬರೆದುಕೊಂಡು ಬಂದದ್ದಕ್ಕೆ ಮುಂಚೆ, ಅಲ್ಲೇ, ಆ ಅತಿಥಿಗೆ ಉತ್ತರ ಕೊಟ್ಟಳು. ಬರೀ ಸಹಾನುಭೂತಿಯಿಂದ ಏನೂ ಆಗುವುದಿಲ್ಲ ಎಂಬುದು ಅವಳ ಉತ್ತರದ ತಿರುಳು. ಆ ಸೆನೆಟರ್ ಕೆಟ್ಟವರೇನಲ್ಲ. 1966ರ ಚುನಾವಣೆಯಲ್ಲಿ ಅವರ ಪರವಾಗಿ ಇವಳೇ ಕೆಲಸ ಮಾಡಿದ್ದಳು. ಆದರೂ ಒಪ್ಪದ್ದನ್ನು ಒಪ್ಪದ್ದೆಂದೇ ಹೇಳಿದಳು.

ಆ ಭಾಷಣದ ಪಾಠವನ್ನು ಕಾಲೇಜಿನವರೇ ಎಲ್ಲರೂ ಓದುವಂತೆ ಪ್ರಕಟಿಸಿದ್ದಾರೆ. ಪ್ರಬಂಧವೆಂದು ತಿದ್ದಿದರೆ ನಾನು ಅದಕ್ಕೆ ಹೆಚ್ಚು ಅಂಕ ಕೊಡಲಾರೆ. ವಾಕ್ಯಗಳು ಉದ್ದುದ್ದ, ಕೆಲವು ಶುರುವಾದ ದಾರಿ ಬಿಟ್ಟು ಬೇರೆಲ್ಲೋ ಹೋಗುತ್ತವೆ. ವಿಶ್ವಾಸ, ಪ್ರಾಮಾಣಿಕತೆ, ಗೌರವ ಎಂಬ ದೊಡ್ಡ ಪದಗಳು ಸಾಕಷ್ಟು ಉದಾಹರಣೆಯಿಲ್ಲದೆ ತೇಲಾಡುತ್ತವೆ. ಹಾಗಿದ್ದರೂ ಅದು ಜೀವಂತವಾಗಿದೆ. ಯಾಕೆ? ಏನು ಹೇಳಲಿ ಎಂದು ಅವಳು ಸಹಪಾಠಿಗಳನ್ನು ಕೇಳಿದ್ದಳು. ವಿಶ್ವಾಸದ ಬಗ್ಗೆ, ದೊಡ್ಡವರಿಗೂ ನಮಗೂ ನಡುವೆ ಇಲ್ಲವಾಗಿರುವ ವಿಶ್ವಾಸದ ಬಗ್ಗೆ ಹೇಳು ಎಂದು ಅವರು ಹೇಳಿ ಕಳಿಸಿದ್ದರು. ಬೇರೆ ಕಾಲೇಜಿಗೆ, ಬೇರೆ ವರ್ಷಕ್ಕೆ ಆ ಮಾತನ್ನು ಹೊಂದಿಸಲಾಗದು. ಇನ್ನೊಂದು ಸಂಗತಿಯೂ ಇದೆ. ಪಾಸು–ಫೇಲು ಎಂದಷ್ಟೇ ಫಲಿತಾಂಶ ಕೊಡುವ ಅವಕಾಶಕ್ಕಾಗಿ, ಪಾಠಕ್ರಮದ ತೀರ್ಮಾನಗಳಲ್ಲಿ ತಮಗೂ ದನಿಯಿರಬೇಕೆಂದು ತಾವು ಹೋರಾಡಿದ್ದನ್ನು ಅವಳು ಹೇಳುತ್ತಾಳೆ. ಆಮೇಲೆ, ನಮ್ಮ ಪ್ರಶ್ನೆಗೆ ಕಿವಿಗೊಡುವಷ್ಟು ಕಲ್ಪನಾಶಕ್ತಿ ಇದ್ದವರು ಇಲ್ಲಿದ್ದರು ಎಂದು ಕಾಲೇಜನ್ನು ನೆನೆಯುತ್ತಾಳೆ. ನೂರು ಹೋಲಿಕೆಗಳ ಗುರುವಂದನೆಗಿಂತ ಇದು ದೊಡ್ಡ ವಂದನೆ ಎಂದು ನನ್ನ ಎಣಿಕೆ.

ಅವಳು ಪದವೀಧರೆ, ಇವರು ಹದಿನೈದು ಹದಿನಾರರ ಮಕ್ಕಳು. ಮೇಲಾಗಿ ಹೋಗುವ ದಿನ ಕೊಂಕು ಯಾಕೆ, ಕೃತಜ್ಞತೆ ಸಾಕಲ್ಲವೆ ಎಂದು ನೀವು ಕೇಳಬಹುದು. ಕೃತಜ್ಞತೆ ಬೇಡವೆಂದು ಯಾರು ಹೇಳಿದರು? ಯಾರಿಗೆ, ಯಾವುದಕ್ಕೆ ಎಂದು ಬಿಡಿಸಿ ಹೇಳದ ಕೃತಜ್ಞತೆ ಬರೀ ಉಪಚಾರ ಎನ್ನುತ್ತೇನೆ ಅಷ್ಟೆ.

ನಾನು ಹಿಂದೆ ಇದ್ದ ಒಂದು ಶಾಲೆಯಲ್ಲಿ ಹುಡುಗಿಯರ ಶೌಚಾಲಯದ ಬಾಗಿಲಿಗೆ ಚಿಲಕವಿರಲಿಲ್ಲ. ಟೀಚರುಗಳು ಬಾಯಲ್ಲಿ ಹೇಳಿಯಾಗಿತ್ತು, ಬರೆದು ಕೊಟ್ಟಾಗಿತ್ತು. ಎಷ್ಟೋ ಹುಡುಗಿಯರು ಬೆಳಗಿನಿಂದ ಸಂಜೆಯವರೆಗೆ ಗುಟುಕು ನೀರು ಕುಡಿಯದೆ ಕೂರುತ್ತಿದ್ದರು. ಬೀಳ್ಕೊಡುಗೆಗೆ ಮಾತಾಡಬೇಕಾದ ಹುಡುಗಿ ತಾನೇ ಬರೆದ ಕರಡಿನಲ್ಲಿ ಈ ವಿಷಯ ಇಟ್ಟಿದ್ದಳು. ಶುಭಸಮಾರಂಭದಲ್ಲಿ ಇಂಥ ಮಾತು ಬೇಡವೆಂದು ಮೇಲಿನವರು ಆ ಸಾಲುಗಳಿಗೆ ಕೆಂಪು ಗೆರೆ ಎಳೆದರು. ವಂದನೆಯ ಭಾಗಕ್ಕೆ ಮಾತ್ರ ಯಾರೂ ಕೈಹಚ್ಚಲಿಲ್ಲ. ಆ ದಿನ ಅವಳು ಗುರುಗಳಿಗೆಲ್ಲ ಕ್ರಮವಾಗಿ ವಂದಿಸಿ, ಕೊನೆಗೆ ಕಸಗುಡಿಸುವ ಆಯಾಗೆ ವಂದನೆ ಹೇಳಿದಳು. ಮೂರು ವರ್ಷ, ಚಿಲಕವಿಲ್ಲದ ಬಾಗಿಲನ್ನು ಹೊರಗಿನಿಂದ ಹಿಡಿದು ನಿಂತು ನಮ್ಮ ಮಾನ ಕಾಯ್ದದ್ದಕ್ಕೆ, ಎಂದಳು. ಅಷ್ಟೇ ಮಾತು. ಅದರಲ್ಲಿ ಹೋಲಿಕೆಯಿಲ್ಲ, ದೊಡ್ಡ ಪದವಿಲ್ಲ, ದೂರೂ ಇಲ್ಲ. ಆದರೆ ಆ ಶಾಲೆಯಲ್ಲಿ ಮೂರು ವರ್ಷ ಕಳೆದ ಹುಡುಗಿಯ ಹೊರತು ಬೇರೆ ಯಾರೂ ಅದನ್ನು ಬರೆಯಲಾಗುತ್ತಿರಲಿಲ್ಲ. ಕೃತಜ್ಞತೆ ಮತ್ತು ವಿಮರ್ಶೆ ಒಂದೇ ವಾಕ್ಯದಲ್ಲಿ ಹೀಗೆ ಕೂಡಿಕೊಂಡದ್ದನ್ನು ನಾನು ಹೆಸರಾಂತ ಲೇಖಕರಲ್ಲೂ ಹೆಚ್ಚಾಗಿ ಕಂಡಿಲ್ಲ. ಮಾರನೆಯ ದಿನವೇ ಚಿಲಕ ಬಂತೆಂದು ಹೇಳುವ ಹಾಗಿಲ್ಲ. ಜೂನಿನಲ್ಲಿ ಶಾಲೆ ತೆರೆದಾಗಲೂ ಇರಲಿಲ್ಲ. ಪೋಷಕರ ಸಭೆಯಲ್ಲಿ ನಾಲ್ಕಾರು ತಾಯಂದಿರು ಎದ್ದು ಕೇಳಿದ ಮೇಲೆ ಬಂತು. ಅವರು ಆ ಭಾಷಣ ಕೇಳಿದ್ದವರು.

ಎಷ್ಟೋ ಹುಡುಗಿಯರಿಗೆ ಮೈಕಿನ ಮುಂದೆ ನಿಲ್ಲುವುದು ಅದೇ ಮೊದಲು, ಅದೇ ಕೊನೆ. ಆಮೇಲೆ ಮನೆಯಲ್ಲಿ, ನೆಂಟರ ನಡುವೆ, ಆಫೀಸಿನಲ್ಲಿ, ಯಾರೋ ಬರೆದುಕೊಟ್ಟ ಮಾತನ್ನೇ ಆಡುತ್ತ ಇರಬೇಕಾದ ಸಂದರ್ಭಗಳು ಬೇಕಾದಷ್ಟು ಬರುತ್ತವೆ. ಆ ಒಂದು ಐದು ನಿಮಿಷವನ್ನಾದರೂ ಅವಳಿಗೆ ಬಿಟ್ಟುಕೊಡಬಾರದೆ?

ಈ ವರ್ಷ ನಿಮ್ಮ ಮಗಳೋ ಪಕ್ಕದ ಮನೆಯವಳೋ ಭಾಷಣ ಬರೆದುಕೊಡಿ ಎಂದು ಹಾಳೆ ಹಿಡಿದು ಬಂದರೆ ಬರೆದುಕೊಡಬೇಡಿ. ಕೂರಿಸಿಕೊಂಡು ಕೇಳಿ: ಆ ಶಾಲೆಯಲ್ಲಿ ನಿನಗೆ ಮರೆಯಲಾಗದ್ದು ಏನು, ಯಾರು ನಿನಗೆ ಏನು ಮಾಡಿದರು, ನಿನ್ನ ತಂಗಿ ಅಲ್ಲಿಗೆ ಸೇರುವ ಹೊತ್ತಿಗೆ ಯಾವುದು ಬದಲಾಗಿರಬೇಕು? ಅವಳು ಹೇಳಿದ್ದನ್ನು ಅವಳೇ ಬರೆಯಲಿ. ವಾಕ್ಯ ಸೊಟ್ಟಗಾದರೆ ಆಗಲಿ. ಕಾಗುಣಿತವನ್ನು ತಿದ್ದಿ, ಮಾತನ್ನು ತಿದ್ದಬೇಡಿ.